ನಿಷೇಧಾಜ್ಞೆಯಿಂದ ಗೋಲಿಬಾರ್‌ವರೆಗೆ: ಜನ ಬೀದಿಗಿಳಿದಾಗ ಸರ್ಕಾರ ಏನು ಮಾಡುತ್ತದೆ, ಯಾವ ಅಧಿಕಾರದಿಂದ ಮಾಡುತ್ತದೆ?

ಹುಬ್ಬಳ್ಳಿಯಲ್ಲಿ ನಿಷೇಧಾಜ್ಞೆ ಜಾರಿಯಾಗಿದ್ದ ಒಂದು ಸಂಜೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಮುಂದೆ ನಾವು ನಾಲ್ಕು ಜನ ನಿಂತಿದ್ದೆವು. ಹಾಲಿನ ಪಾಕೀಟಿಗೆಂದು ಬಂದ ಹಿರಿಯರೊಬ್ಬರು ರಸ್ತೆಯ ಆಚೆ ಬದಿಯಲ್ಲೇ ನಿಂತುಬಿಟ್ಟರು. ‘ನೀವು ಮೊದಲ ತಗೊಂಡು ಹೋಗ್ರಿ, ಆಮ್ಯಾಲೆ ನಾ ಬರ್ತೀನಿ. ಒನ್ ಫಾರ್ಟಿಫೋರ್ ಹಾಕ್ಯಾರ, ಐದು ಮಂದಿ ಆದ್ರ ಒಯ್ತಾರ’ ಎಂದರು. ಅವರಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಹಾಗೇನಿಲ್ಲ ಎಂದು ಖಚಿತವಾಗಿ ಹೇಳುವಷ್ಟು ತಿಳಿವಳಿಕೆ ಅಂಗಡಿಯವರಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಕಾನೂನು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂಬುದು ತಿಳಿಯದೆ ಹೋದರೆ ಊರಿನ ಅರ್ಧ ಜನ ಕಾರಣವಿಲ್ಲದೆ ಹೆದರುತ್ತಾರೆ, ಇನ್ನರ್ಧ ಜನ ತಮಗೆ ಗೊತ್ತಿಲ್ಲದೆಯೇ ಪ್ರಕರಣಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಈ ವಿಷಯವನ್ನು ಬುಡದಿಂದ ನೋಡೋಣ.

ಬೀದಿಗಿಳಿಯುವುದು ಹಕ್ಕೋ, ಅನುಮತಿಯೋ?

ಸಂವಿಧಾನದ 19ನೇ ವಿಧಿಯು ಪ್ರತಿಯೊಬ್ಬ ನಾಗರಿಕನಿಗೆ ಮಾತನಾಡುವ ಸ್ವಾತಂತ್ರ್ಯವನ್ನೂ, ಆಯುಧವಿಲ್ಲದೆ ಶಾಂತಿಯುತವಾಗಿ ಸೇರುವ ಹಕ್ಕನ್ನೂ ಕೊಟ್ಟಿದೆ. ದೇಶದ ಸಾರ್ವಭೌಮತೆ, ಅಖಂಡತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಯ ದೃಷ್ಟಿಯಿಂದ ಈ ಸೇರುವ ಹಕ್ಕಿನ ಮೇಲೆ ‘ಸಮಂಜಸ ನಿರ್ಬಂಧ’ ಹಾಕಬಹುದು ಎಂದೂ ಅದೇ ವಿಧಿ ಹೇಳುತ್ತದೆ. ಸರ್ಕಾರ ಮತ್ತು ಪ್ರತಿಭಟನಕಾರರ ನಡುವಿನ ಎಲ್ಲ ತಕರಾರುಗಳೂ ಕೊನೆಗೆ ಈ ‘ಸಮಂಜಸ’ ಎಂಬ ಪದಕ್ಕೇ ಬಂದು ನಿಲ್ಲುತ್ತವೆ.

ಹಾಗಾದರೆ ಮೆರವಣಿಗೆಗೆ ಪೊಲೀಸರ ಅನುಮತಿ ಏಕೆ ಬೇಕು? ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿದೆ. ಸಾರ್ವಜನಿಕ ಬೀದಿಯಲ್ಲಿ ಸಭೆ ಸೇರುವುದನ್ನು ಸರ್ಕಾರ ನಿಯಂತ್ರಿಸಬಹುದೇ ಹೊರತು ಸಾರಾಸಗಟಾಗಿ ಇಲ್ಲವಾಗಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಅಂದರೆ ಚನ್ನಮ್ಮ ವೃತ್ತದಲ್ಲಿ ಧರಣಿ ಕೂರಲು ಅರ್ಜಿ ಕೊಟ್ಟಾಗ ಪೊಲೀಸರು ದಾರಿ, ಸಮಯ, ಜನರ ಅಂದಾಜು, ಧ್ವನಿವರ್ಧಕ, ಹೊಣೆ ಹೊರುವ ಮುಖಂಡರು ಯಾರು ಎಂಬುದನ್ನು ಕೇಳಬಹುದು. ಆಂಬುಲೆನ್ಸ್‌ಗೆ ಅಡ್ಡಿಯಾಗುತ್ತದೆ ಎಂದು ದಾರಿ ಬದಲಿಸಲು ಹೇಳಬಹುದು. ಇನ್ನೊಂದು ಬದಿಯಿಂದ, ದೆಹಲಿಯ ಶಾಹೀನ್‌ಬಾಗ್ ಧರಣಿಯ ಕುರಿತು 2020ರಲ್ಲಿ ತೀರ್ಪು ನೀಡಿದ ಅದೇ ನ್ಯಾಯಾಲಯ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಂಡು ಕೂರುವುದು ಈ ಹಕ್ಕಿನೊಳಗೆ ಬರುವುದಿಲ್ಲ ಎಂದಿತು. ಬಂದ್‌ನ ಸಂಗತಿ ಬೇರೆ. ಬಲವಂತದಿಂದ ಇತರರ ಅಂಗಡಿ ಮುಚ್ಚಿಸುವ, ಓಡಾಟ ನಿಲ್ಲಿಸುವ ಬಂದ್ ಸಂವಿಧಾನಬಾಹಿರವೆಂದು ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಒಡ್ಡು ಮತ್ತು ಕೋಡಿ

ನಮ್ಮ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಿರಲೆಂದು ಒಡ್ಡು ಹಾಕುತ್ತಾರೆ. ಒಡ್ಡನ್ನಷ್ಟೇ ಹಾಕಿ ಕಲ್ಲಿನ ಕೋಡಿ ಕಟ್ಟದಿದ್ದರೆ ಏನಾಗುತ್ತದೆಂದು ಗದಗ, ನವಲಗುಂದದ ಕಡೆಯ ಯಾವ ರೈತನೂ ಹೇಳಬಲ್ಲ. ದೊಡ್ಡ ಮಳೆ ಬಂದ ದಿನ ನೀರು ಒಡ್ಡನ್ನೇ ಒಡೆದುಕೊಂಡು ಹೋಗುತ್ತದೆ, ಜೊತೆಗೆ ಹೊಲದ ಮಣ್ಣನ್ನೂ ಒಯ್ಯುತ್ತದೆ. ಜನರ ಅಸಮಾಧಾನದ ವಿಷಯದಲ್ಲಿ ಸರ್ಕಾರದ ಕೈಯಲ್ಲಿಯೂ ಇಂಥವೇ ಎರಡು ಸಾಧನಗಳಿವೆ. ನಿಷೇಧಾಜ್ಞೆ, ಬಂಧನ, ಲಾಠಿ ಮುಂತಾದವು ಒಡ್ಡುಗಳು. ಮನವಿ ಸ್ವೀಕಾರ, ಮಾತುಕತೆ, ಬೇಡಿಕೆಗೆ ಸ್ಪಂದನೆ ಇವು ಕೋಡಿಗಳು.

ಬಹುತೇಕ ಪ್ರತಿಭಟನೆಗಳು ಕೋಡಿಯಲ್ಲಿಯೇ ಹರಿದು ಹೋಗುತ್ತವೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ, ಏಕೆಂದರೆ ಅವು ಸುದ್ದಿಯಾಗುವುದಿಲ್ಲ. ಹಾವೇರಿಯಲ್ಲಿ ಗೋವಿನಜೋಳದ ದರಕ್ಕಾಗಿ ಬಂದ ಮೆರವಣಿಗೆ ಜಿಲ್ಲಾಧಿಕಾರಿ ಕಚೇರಿಯ ಗೇಟಿನ ಬಳಿ ನಿಲ್ಲುತ್ತದೆ. ಅರ್ಧ ತಾಸು ಘೋಷಣೆಗಳಾಗುತ್ತವೆ. ‘ಡಿಸಿ ಸಾಹೇಬ್ರು ಇಲ್ಲಿಗೇ ಬರಬೇಕು’ ಎಂಬ ಹಟ ನಡೆಯುತ್ತದೆ. ಕೊನೆಗೆ ಜಿಲ್ಲಾಧಿಕಾರಿಯೋ, ಉಪವಿಭಾಗಾಧಿಕಾರಿಯೋ, ತಹಶೀಲ್ದಾರರೋ ಹೊರಗೆ ಬಂದು ಮನವಿ ಪತ್ರ ತೆಗೆದುಕೊಂಡು ‘ಸರ್ಕಾರದ ಗಮನಕ್ಕೆ ತರುತ್ತೇನೆ’ ಎನ್ನುತ್ತಾರೆ. ನೋಡುವವರಿಗೆ ಇದು ಬರೀ ಔಪಚಾರಿಕತೆಯಂತೆ ಕಾಣಬಹುದು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಮುಖ್ಯವಾದ ಗಳಿಗೆ ಇನ್ನೊಂದಿಲ್ಲ. ಸುಡುಬಿಸಿಲಿನಲ್ಲಿ ನಿಂತ ಸಾವಿರ ಜನರ ಎದುರು ಅಧಿಕಾರಿ ಎಷ್ಟು ಹೊತ್ತಿಗೆ ಹೊರಗೆ ಬಂದರು, ಬಂದವರು ಎಂಥ ಮಾತಾಡಿದರು ಎಂಬುದರ ಮೇಲೆ ಆ ದಿನದ ಮಧ್ಯಾಹ್ನ ಹೇಗಿರುತ್ತದೆ ಎಂಬುದು ನಿಂತಿರುತ್ತದೆ.

ಆದೇಶಕ್ಕೆ ಸಹಿ ಹಾಕುವವರು ಯಾರು?

ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್, ಎರಡೂ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿವೆ. ಹಾಗಾಗಿ ಮೊದಲ ಹೊಣೆ ರಾಜ್ಯ ಸರ್ಕಾರದ್ದು. ಆದರೆ ಬೆಂಗಳೂರಿನಲ್ಲಿ ಕುಳಿತ ಸಚಿವರು ನಮ್ಮೂರಿನ ನಿಷೇಧಾಜ್ಞೆಗೆ ಸಹಿ ಹಾಕುವುದಿಲ್ಲ.

ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯೇ ಜಿಲ್ಲಾ ದಂಡಾಧಿಕಾರಿ. ಪೊಲೀಸ್ ಬಲ ಎಸ್‌ಪಿಯವರ ಕೈಯಲ್ಲಿರುತ್ತದೆ, ಆದೇಶದ ಅಧಿಕಾರ ಜಿಲ್ಲಾಧಿಕಾರಿಯ ಕೈಯಲ್ಲಿರುತ್ತದೆ. ಪೊಲೀಸರು ವರದಿ ಕೊಡುತ್ತಾರೆ, ದಂಡಾಧಿಕಾರಿ ಅದನ್ನು ಓದಿ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಪೊಲೀಸ್ ಕಮಿಷನರೇಟ್ ವ್ಯವಸ್ಥೆ ಇರುವುದರಿಂದ ಈ ಎರಡೂ ಅಧಿಕಾರಗಳು ಕಮಿಷನರ್ ಅವರಲ್ಲಿ ಸೇರುತ್ತವೆ. ಅವಳಿ ನಗರದ ಗಡಿ ದಾಟಿ ನವಲಗುಂದಕ್ಕೋ ಕುಂದಗೋಳಕ್ಕೋ ಹೋದರೆ ಮತ್ತೆ ಎಸ್‌ಪಿ ಮತ್ತು ಜಿಲ್ಲಾಧಿಕಾರಿಯ ವ್ಯವಸ್ಥೆ. ಒಂದೇ ಧಾರವಾಡ ಜಿಲ್ಲೆಯಲ್ಲಿ ಎರಡು ಪದ್ಧತಿಗಳಿವೆ ಎಂಬುದನ್ನು ಬಹಳ ಜನ ಅರಿತಿಲ್ಲ. ಕಮಿಷನರೇಟ್‌ನಲ್ಲಿ ತೀರ್ಮಾನ ಬೇಗ ಆಗುತ್ತದೆ, ಆದರೆ ಪೊಲೀಸರ ವರದಿಯನ್ನು ಪೊಲೀಸೇತರ ಕಣ್ಣೊಂದು ನೋಡುವ ಹಂತ ಅಲ್ಲಿಲ್ಲ.

ಬಲ ಸಾಲದಾದಾಗ ಮೀಸಲು ಪಡೆಗಳು ಬರುತ್ತವೆ. ಜಿಲ್ಲೆಯಲ್ಲಿ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಾದ ಡಿಎಆರ್, ನಗರದಲ್ಲಿ ನಗರ ಸಶಸ್ತ್ರ ಮೀಸಲು ಪಡೆಯಾದ ಸಿಎಆರ್, ಇವೆರಡರ ಮೇಲೆ ರಾಜ್ಯ ಮೀಸಲು ಪೊಲೀಸ್ ಪಡೆಯಾದ ಕೆಎಸ್‌ಆರ್‌ಪಿ. ಇದರ ಒಂದು ಬೆಟಾಲಿಯನ್ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲೇ ಇದೆ. ಅದೂ ಸಾಲದಿದ್ದರೆ ರಾಜ್ಯ ಕೇಳಿದ ಮೇಲೆ ಕೇಂದ್ರದ ಕ್ಷಿಪ್ರ ಕಾರ್ಯಪಡೆ ಬರುತ್ತದೆ. ಊರಿನಲ್ಲಿ ಈ ಪಡೆಗಳು ಪಥಸಂಚಲನ ಮಾಡುವುದು ಯಾರನ್ನೂ ಹಿಡಿಯುವುದಕ್ಕಲ್ಲ. ಬಲ ಇಲ್ಲಿದೆ ಎಂದು ತೋರಿಸುವುದಕ್ಕೆ.

ನಿಷೇಧಾಜ್ಞೆಯ ಹಾಳೆಯನ್ನು ಓದುವುದು ಹೇಗೆ?

‘144’ ಎಂದು ನಾವು ಇಂದಿಗೂ ಕರೆಯುವುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಮು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ನಿಷೇಧಾಜ್ಞೆಯ ಕಲಮಿನ ಸಂಖ್ಯೆ ಈಗ 163. ಸಂಖ್ಯೆ ಬದಲಾಗಿದೆ, ಒಳಗಿನ ಹೂರಣ ಹೆಚ್ಚುಕಡಿಮೆ ಅದೇ ಇದೆ.

ತಹಶೀಲ್ದಾರ್ ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಿದ ಇಂಥ ಆದೇಶವನ್ನು ಒಮ್ಮೆ ನಿಂತು ಓದಬೇಕು. ಮೊದಲ ಭಾಗ ‘ಓದಲಾಗಿದೆ’ ಎಂದು ಆರಂಭವಾಗಿ, ಯಾವ ಪೊಲೀಸ್ ಅಧಿಕಾರಿಯ ಯಾವ ದಿನಾಂಕದ ವರದಿಯ ಆಧಾರದ ಮೇಲೆ ಆದೇಶ ಹೊರಟಿದೆ ಎಂಬುದನ್ನು ಹೇಳುತ್ತದೆ. ಆಮೇಲೆ ಬರುವ ‘ಪ್ರಸ್ತಾವನೆ’ಯಲ್ಲಿ ಕಾರಣಗಳಿರುತ್ತವೆ. ಕೊನೆಯ ‘ಆದೇಶ’ ಭಾಗದಲ್ಲಿ ಯಾವ ಪ್ರದೇಶಕ್ಕೆ, ಯಾವ ದಿನದ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಏನೇನನ್ನು ನಿಷೇಧಿಸಲಾಗಿದೆ, ಯಾರಿಗೆ ವಿನಾಯಿತಿ ಇದೆ ಎಂಬ ವಿವರಗಳಿರುತ್ತವೆ. ಮದುವೆ, ಶವಸಂಸ್ಕಾರ, ಪರೀಕ್ಷೆಗಳಿಗೆ ಸಾಮಾನ್ಯವಾಗಿ ವಿನಾಯಿತಿ ಬರೆದಿರುತ್ತಾರೆ.

ಐದು ಜನರ ಲೆಕ್ಕ ಎಲ್ಲಿಂದ ಬಂತು? 163ನೇ ಕಲಮಿನಲ್ಲಿ ಐದು ಎಂಬ ಸಂಖ್ಯೆಯೇ ಇಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 189ನೇ ಕಲಮು ‘ಕಾನೂನುಬಾಹಿರ ಕೂಟ’ ಎಂದರೆ ಏನೆಂದು ಹೇಳುವಾಗ ಐದು ಅಥವಾ ಹೆಚ್ಚು ಜನ ಎಂದು ಹೇಳುತ್ತದೆ. ಅದಕ್ಕೂ ಷರತ್ತಿದೆ. ಬಲಪ್ರಯೋಗದಿಂದ ಸರ್ಕಾರಿ ನೌಕರರನ್ನು ಬೆದರಿಸುವುದು, ಕಾನೂನಿನ ಜಾರಿಗೆ ಅಡ್ಡಿಪಡಿಸುವುದು, ಕೇಡು ಮಾಡುವುದು ಮೊದಲಾದ ಉದ್ದೇಶಗಳಲ್ಲಿ ಒಂದಾದರೂ ಅವರೆಲ್ಲರಿಗೂ ಸಮಾನವಾಗಿರಬೇಕು. ಆ ಸಂಖ್ಯೆಯನ್ನೇ ಹಿಡಿದುಕೊಂಡು ಅಧಿಕಾರಿಗಳು ನಿಷೇಧಾಜ್ಞೆಯಲ್ಲಿ ‘ಐದು ಅಥವಾ ಹೆಚ್ಚು ಜನ ಗುಂಪುಗೂಡಬಾರದು’ ಎಂದು ಬರೆಯುವ ರೂಢಿ ಬೆಳೆದಿದೆ. ಆದೇಶದ ಗುರಿ ಶಾಂತಿಭಂಗ ಮಾಡಬಲ್ಲ ಗುಂಪು. ಹಾಲು ತರಲು ಬಂದ ನಮ್ಮ ಹಿರಿಯರು ಅದರ ಗುರಿಯಲ್ಲ. ಆದರೂ ಸ್ಥಳದಲ್ಲಿರುವ ಪೊಲೀಸರು ‘ಸರೀರಿ’ ಎಂದಾಗ ಸರಿಯುವುದು ಕ್ಷೇಮ. ಆದೇಶ ಉಲ್ಲಂಘಿಸಿದರೆ ನ್ಯಾಯ ಸಂಹಿತೆಯ 223ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ, ಪ್ರಾಣಾಪಾಯ ಅಥವಾ ದೊಂಬಿಗೆ ಎಡೆಯಾದರೆ ಒಂದು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ.

ದಂಡಾಧಿಕಾರಿ ಹೊರಡಿಸಿದ ಆದೇಶ ಎರಡು ತಿಂಗಳಿಗಿಂತ ಹೆಚ್ಚು ಕಾಲ ಇರುವಂತಿಲ್ಲ. ರಾಜ್ಯ ಸರ್ಕಾರ ಮಾತ್ರ ಅದನ್ನು ಇನ್ನೂ ಆರು ತಿಂಗಳವರೆಗೆ ವಿಸ್ತರಿಸಬಹುದು. ಆದೇಶದಿಂದ ತೊಂದರೆಯಾದವರು ಅದನ್ನು ಬದಲಿಸುವಂತೆ, ಹಿಂಪಡೆಯುವಂತೆ ಅದೇ ದಂಡಾಧಿಕಾರಿಗೆ ಅರ್ಜಿ ಕೊಡಬಹುದು. ನಮ್ಮ ಭಾಗದವರು ಇಂಥ ಆದೇಶವನ್ನು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಪ್ರಶ್ನಿಸಬಹುದು. ಪ್ರಶ್ನಿಸುವುದು ವ್ಯರ್ಥವೇನಲ್ಲ. ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಗಳ ಹೊತ್ತಿನಲ್ಲಿ, 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆಯನ್ನು ಕರ್ನಾಟಕ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರವೆಂದು ಹೇಳಿತು. ಆದೇಶ ಹೊರಡಿಸಿದವರು ತಮ್ಮದೇ ಕಾರಣಗಳನ್ನು ದಾಖಲಿಸಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಆಧಾರ. ಅಷ್ಟು ಹೊತ್ತಿಗೆ ಆದೇಶದ ಅವಧಿ ಮುಗಿದು ಎಷ್ಟೋ ವಾರಗಳಾಗಿದ್ದವು ಎಂಬುದು ಮಾತ್ರ ಬೇಸರದ ಸಂಗತಿ.

ಕರ್ಫ್ಯೂ ಎಂಬ ಇನ್ನೊಂದು ಪದವಿದೆ. ಅದಕ್ಕೆ ಪ್ರತ್ಯೇಕ ಕಲಮೇನೂ ಇಲ್ಲ. ಇದೇ ನಿಷೇಧಾಜ್ಞೆಯನ್ನು ಬಿಗಿ ಮಾಡಿ, ಗುಂಪುಗೂಡಬೇಡಿ ಎನ್ನುವ ಬದಲು ಮನೆಯಿಂದಲೇ ಹೊರಬರಬೇಡಿ ಎಂದರೆ ಅದು ಕರ್ಫ್ಯೂ.

ಮುನ್ನೆಚ್ಚರಿಕೆಯ ಬಂಧನ

ಸಚಿವರೊಬ್ಬರು ಬರುವ ದಿನ ನಸುಕಿನಲ್ಲಿಯೇ ರೈತ ಮುಖಂಡರ ಮನೆಗೆ ಪೊಲೀಸರು ಬಂದು, ಅವರನ್ನು ಠಾಣೆಗೋ, ಯಾವುದಾದರೂ ಕಲ್ಯಾಣ ಮಂಟಪಕ್ಕೋ ಕರೆದೊಯ್ದು, ಸಂಜೆ ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಅಪರಾಧವೇ ಆಗದಿರುವಾಗ ಹಿಡಿಯುವುದು ಹೇಗೆ ಸಾಧ್ಯ? ಸಂಜ್ಞೇಯ ಅಪರಾಧ, ಎಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ನಡೆಯಲಿದೆ ಎಂದು ಪೊಲೀಸ್ ಅಧಿಕಾರಿಗೆ ತಿಳಿದುಬಂದು, ಬೇರೆ ರೀತಿಯಲ್ಲಿ ತಡೆಯಲಾಗದು ಎನಿಸಿದರೆ ಸುರಕ್ಷಾ ಸಂಹಿತೆಯ 170ನೇ ಕಲಮು ಬಂಧನಕ್ಕೆ ಅವಕಾಶ ಕೊಡುತ್ತದೆ. ಮಿತಿ 24 ಗಂಟೆ. ಬೇರೆ ಕಾನೂನಿನಡಿ ಆಧಾರವಿಲ್ಲದಿದ್ದರೆ ಅಷ್ಟರೊಳಗೆ ಬಿಡಲೇಬೇಕು. ‘ಶಾಂತಿ ಕಾಪಾಡುತ್ತೇನೆ’ ಎಂದು ಮುಚ್ಚಳಿಕೆ ಬರೆಸಿಕೊಳ್ಳುವುದು ಇನ್ನೊಂದು ದಾರಿ, ಅದು 126ನೇ ಕಲಮು. ಮುಚ್ಚಳಿಕೆ ಬರೆದುಕೊಟ್ಟರೆ ತಪ್ಪೊಪ್ಪಿಕೊಂಡಂತೆ ಎಂದು ಹಲವರು ತಿಳಿಯುತ್ತಾರೆ. ಅದು ಮುಂದಿನ ನಡವಳಿಕೆಯ ಭರವಸೆ ಮಾತ್ರ.

ಮೊಬೈಲ್‌ ಇಂಟರ್‌ನೆಟ್ ನಿಂತಾಗ

ಇಂಟರ್‌ನೆಟ್ ನಿಲ್ಲಿಸುವ ಅಧಿಕಾರ ಜಿಲ್ಲಾಧಿಕಾರಿಗಾಗಲಿ, ಕಮಿಷನರ್‌ಗಾಗಲಿ ಇಲ್ಲ. 2017ರ ನಿಯಮಗಳು ಬಂದಂದಿನಿಂದ ರಾಜ್ಯದಲ್ಲಿ ಅದು ಸಾಮಾನ್ಯವಾಗಿ ಒಳಾಡಳಿತ ಇಲಾಖೆಯ ಮುಖ್ಯಸ್ಥರಾದ ಕಾರ್ಯದರ್ಶಿಯ ಅಧಿಕಾರ. ಕಾಶ್ಮೀರಕ್ಕೆ ಸಂಬಂಧಿಸಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಇಂಥ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟಾವಧಿಗೆ ನಿಲ್ಲಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷದ ತಿದ್ದುಪಡಿ ಒಂದು ಆದೇಶಕ್ಕೆ 15 ದಿನಗಳ ಮಿತಿ ಹಾಕಿತು. ವದಂತಿ ತಡೆಯುವುದು ಇದರ ಉದ್ದೇಶ. ಆದರೆ ಇಂದು ತರಕಾರಿ ಮಾರುವವರಿಂದ ಹಿಡಿದು ಎಪಿಎಂಸಿಯ ದಲಾಲರವರೆಗೆ ಎಲ್ಲರ ದುಡ್ಡೂ ಮೊಬೈಲಿನಲ್ಲಿಯೇ ಓಡಾಡುವುದರಿಂದ, ಈ ಒಡ್ಡು ಪ್ರತಿಭಟನೆಗೆ ಸಂಬಂಧವೇ ಇಲ್ಲದವರ ಹೊಲಕ್ಕೂ ಅಡ್ಡವಾಗುತ್ತದೆ.

ಲಾಠಿ, ಅಶ್ರುವಾಯು, ಗೋಲಿಬಾರ್

ಗುಂಪು ಚದುರದಿದ್ದರೆ ಸುರಕ್ಷಾ ಸಂಹಿತೆಯ 148ನೇ ಕಲಮು ಜಾರಿಗೆ ಬರುತ್ತದೆ. ಕಾರ್ಯನಿರ್ವಾಹಕ ದಂಡಾಧಿಕಾರಿ ಅಥವಾ ಠಾಣಾಧಿಕಾರಿ, ಅವರಿಲ್ಲದಾಗ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಮೊದಲು ಚದುರಿರೆಂದು ಆಜ್ಞೆ ಮಾಡಬೇಕು. ಜೀಪಿನ ಮೈಕಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಎಚ್ಚರಿಕೆ ಈ ಆಜ್ಞೆಯೇ. ಅದರ ಬಳಿಕವೂ ಜನ ಕದಲದಿದ್ದರೆ ಬಲಪ್ರಯೋಗಕ್ಕೆ ಅವಕಾಶ. ಮೊದಲು ಜಲಫಿರಂಗಿ ಅಥವಾ ಅಶ್ರುವಾಯು, ಆಮೇಲೆ ಲಾಠಿ, ಅದೂ ಸೊಂಟದಿಂದ ಕೆಳಗೆ, ಎಲ್ಲಕ್ಕೂ ಕೊನೆಯಲ್ಲಿ ಗುಂಡು ಎಂಬ ಮೆಟ್ಟಿಲುಗಳನ್ನು ಪೊಲೀಸರಿಗೆ ತರಬೇತಿಯಲ್ಲಿ ಕಲಿಸುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಬಲ ಬಳಸಬಾರದು, ಉದ್ದೇಶ ಈಡೇರಿದ ಕೂಡಲೇ ನಿಲ್ಲಿಸಬೇಕು ಎಂಬುದು ಎಲ್ಲ ಮೆಟ್ಟಿಲುಗಳಿಗೂ ಒಂದೇ ನಿಯಮ.

ಈ ಮೆಟ್ಟಿಲುಗಳ ಬಗೆಗೆ ನಮ್ಮ ನೆಲಕ್ಕಿರುವಷ್ಟು ಕಹಿ ಅನುಭವ ರಾಜ್ಯದ ಬೇರೆ ಭಾಗಗಳಿಗೆ ಕಡಿಮೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳ ಮೇಲೂ ಬೆಟರ್‌ಮೆಂಟ್ ಲೆವಿ ಬಿದ್ದಾಗ, ಎಂದರೆ ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ಸರ್ಕಾರ ವಸೂಲು ಮಾಡುವ ಕರ ಬಿದ್ದಾಗ, ರೈತರು ಮನವಿ, ಮೆರವಣಿಗೆಗಳಿಂದ ಶುರುಮಾಡಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ರಾಜ್ಯ ರೈತ ಸಂಘ ಅದೇ ವರ್ಷ ರೂಪುಗೊಂಡಿತು. ಆಗಿನ ಗುಂಡೂರಾವ್ ಸರ್ಕಾರ 1983ರ ಚುನಾವಣೆಯಲ್ಲಿ ಸೋತದ್ದಕ್ಕೆ ಈ ಚಳವಳಿಯೂ ಒಂದು ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರದ ಕೊರತೆಗೆ ಬೇಸತ್ತು ರಸ್ತೆಗಿಳಿದಿದ್ದ ರೈತರ ಮೇಲೆ ಗುಂಡು ಹಾರಿತು. ಬಿತ್ತನೆಯ ಹಂಗಾಮಿನಲ್ಲಿ ಒಂದೊಂದು ದಿನವೂ ರೈತನಿಗೆ ಎಷ್ಟು ಮುಖ್ಯವೆಂಬುದನ್ನು ಬಲ್ಲವರಿಗೆ ಅಂದು ಜನ ಏಕೆ ಅಷ್ಟು ಸಂಖ್ಯೆಯಲ್ಲಿ ಸೇರಿದ್ದರೆಂದು ಹೇಳಬೇಕಿಲ್ಲ.

ಮೂರನೆಯದು ಯಮನೂರು. ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ಅಡಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು 2016ರ ಜುಲೈ 27ರಂದು ತಳ್ಳಿಹಾಕಿತು. ನವಲಗುಂದದಲ್ಲಿ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಅದರ ಬೆನ್ನಿಗೆ ಸಮೀಪದ ಯಮನೂರಿನಲ್ಲಿ ಪೊಲೀಸರು ಹೆಂಗಸರು, ವಯಸ್ಸಾದವರೆನ್ನದೆ ಹೊಡೆಯುವ ದೃಶ್ಯಗಳನ್ನು ಇಡೀ ರಾಜ್ಯ ನೋಡಿತು, ಕೆಲವು ಪೊಲೀಸರು ಅಮಾನತುಗೊಂಡರು. ಇಲ್ಲಿ ಕಾನೂನಿನ ಗೆರೆ ಬಹಳ ಸ್ಪಷ್ಟ. 148ನೇ ಕಲಮು (ಅಂದು ಹಳೆಯ ಸಂಹಿತೆಯ 129) ಕೊಡುವುದು ಎದುರಿಗೆ ನಿಂತ ಗುಂಪನ್ನು ಚದುರಿಸುವ ಅಧಿಕಾರವನ್ನು. ಕಚೇರಿಗೆ ಬೆಂಕಿ ಹಚ್ಚಿದವರನ್ನು ಆಮೇಲೆ ಹುಡುಕಿ ಬಂಧಿಸಬಹುದು, ನ್ಯಾಯಾಲಯದ ಮುಂದೆ ನಿಲ್ಲಿಸಬಹುದು. ಮನೆಯಲ್ಲಿ ಕುಳಿತವರನ್ನು ಹೊಡೆಯುವುದಕ್ಕೆ ಯಾವ ಕಲಮಿನಲ್ಲಿಯೂ ಜಾಗವಿಲ್ಲ.

ಬಲಪ್ರಯೋಗದಲ್ಲಿ ಸಾವಾದರೆ ದಂಡಾಧಿಕಾರಿಯ ವಿಚಾರಣೆ ನಡೆಯಬಹುದು, ಇಲ್ಲವೇ 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಸರ್ಕಾರ ಆಯೋಗ ರಚಿಸಬಹುದು. ಆಯೋಗ ಸತ್ಯ ಹುಡುಕುತ್ತದೆ, ಶಿಕ್ಷೆ ಕೊಡುವುದಿಲ್ಲ. ಗುಂಪು ಚದುರಿಸುವಾಗ ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕಾಗಿ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಬೇಕಾದರೆ ಸರ್ಕಾರದ ಮಂಜೂರಾತಿ ಬೇಕು ಎಂದು ಸುರಕ್ಷಾ ಸಂಹಿತೆಯ 151ನೇ ಕಲಮು ಹೇಳುತ್ತದೆ.

ಬೀದಿ ಖಾಲಿಯಾದ ಮೇಲೆ

ಟೈರಿನ ಬೂದಿ ಗುಡಿಸಿ, ವಾಯವ್ಯ ಸಾರಿಗೆಯ ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ ಪತ್ರಿಕೆಗಳು ಬೇರೆ ಸುದ್ದಿಗೆ ಹೋಗುತ್ತವೆ. ಎಫ್‌ಐಆರ್‌ಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಬಸ್ಸಿಗೋ ಕಚೇರಿಗೋ ಹಾನಿಯಾಗಿದ್ದರೆ ಕೇಂದ್ರದ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ ಮತ್ತು ಕರ್ನಾಟಕದ್ದೇ ಆದ 1981ರ ಆಸ್ತಿ ನಾಶ ತಡೆ ಕಾಯ್ದೆ ಅನ್ವಯವಾಗುತ್ತವೆ. ಎಫ್‌ಐಆರ್‌ನಲ್ಲಿ ಹತ್ತು ಹೆಸರುಗಳ ಕೆಳಗೆ ‘ಮತ್ತು ಇತರರು’ ಎಂದಿರುವುದು ಸಾಮಾನ್ಯ. ಆ ‘ಇತರರು’ ಯಾರೆಂಬುದು ಮುಂದೆ ವಿಡಿಯೋಗಳಿಂದ, ಸಾಕ್ಷಿಗಳಿಂದ ತೀರ್ಮಾನವಾಗುತ್ತದೆ.

‘ಪ್ರಕರಣ ವಾಪಸ್ ಪಡೆಯುತ್ತೇವೆ’ ಎಂಬ ಭರವಸೆ ಮಾತುಕತೆಯ ಮೇಜಿನ ಮೇಲೆ ಹೆಚ್ಚಾಗಿ ಕೇಳಿಬರುತ್ತದೆ. ಸಚಿವ ಸಂಪುಟ ತೀರ್ಮಾನಿಸಿದಷ್ಟಕ್ಕೇ ಪ್ರಕರಣ ಮುಗಿಯುವುದಿಲ್ಲ. ಸರ್ಕಾರಿ ಅಭಿಯೋಜಕರು ಕಡತವನ್ನು ಸ್ವತಂತ್ರವಾಗಿ ಪರಿಶೀಲಿಸಿ, ಹಿಂಪಡೆಯುವುದು ಸರಿ ಎನಿಸಿದರೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ನ್ಯಾಯಾಧೀಶರು ಒಪ್ಪಬೇಕು. ಹಳೇಹುಬ್ಬಳ್ಳಿ ಪೊಲೀಸ್ ಠಾಣೆಯ ಮೇಲೆ 2022ರ ಏಪ್ರಿಲ್‌ನಲ್ಲಿ ಕಲ್ಲು ತೂರಾಟ ನಡೆದ ಪ್ರಕರಣವೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಶಾಸಕರು, ಸಂಸದರ ಮೇಲಿನ ಪ್ರಕರಣಗಳಾದರೆ 2021ರಿಂದ ಹೈಕೋರ್ಟಿನ ಅನುಮತಿಯೂ ಬೇಕು.

ಅರ್ಜಿಗೆ ನ್ಯಾಯಾಲಯದ ಒಪ್ಪಿಗೆ ಸಿಗುವವರೆಗೆ ಆರೋಪಿ ಆರೋಪಿಯೇ. ವೇದಿಕೆಯ ಮೇಲೆ ಯಾರು ಏನೇ ಭರವಸೆ ಕೊಟ್ಟಿರಲಿ, ಹೆಸರು ಪಟ್ಟಿಯಲ್ಲಿರುವ ರೈತ ತಾರೀಖು ಬಂದ ದಿನ ಹೊಲದ ಕೆಲಸ ಬಿಟ್ಟು, ಬೆಳಗಿನ ಮೊದಲ ಬಸ್ಸು ಹಿಡಿದು ನ್ಯಾಯಾಲಯದ ಪಡಸಾಲೆಯಲ್ಲಿ ತನ್ನ ಹೆಸರು ಕೂಗುವುದನ್ನು ಕಾಯುತ್ತ ನಿಲ್ಲಬೇಕು. ಕೂಗಿದಾಗ ಅಲ್ಲಿಲ್ಲದಿದ್ದರೆ ಮುಂದೆ ಬರುವುದು ವಾರಂಟ್.